ಸಾಕಿದ ನಾಯಿಯನ್ನು ಕೊಟ್ಟುಬಿಡೋದು ಕಷ್ಟ ಅಲ್ವಾ?

ಪ್ರಶ್ನೆ: ಸೋಮವಾರಪೇಟೆ ಹತ್ತಿರ ನಮ್ಮದು ತೋಟದ ಮನೆ. ಯಾರೋ ರಸ್ತೆಯಲ್ಲಿ ಬಿಟ್ಟುಹೋದ ನಾಯಿಯೊಂದನ್ನು, ಅದಕ್ಕೆ ಮನೆ ಸಿಗುವವರೆಗೆ ಇಟ್ಟುಕೊಳ್ಳೋಣ ಅಂತಿದ್ದೇನೆ. ನಮ್ಮದೇ ಒಂದು ನಾಯಿಯೂ ಇದೆ. ಆಮೇಲೆ ಕೊಡುವಾಗ ಸಂಕಟ ಆಗಲ್ವಾ?

ಉತ್ತರ: ಆಗುತ್ತೆ. ಆದರೆ ನನ್ನನ್ನು ಕೇಳಿದರೆ, ಕೊಡುವ ದಿನಕ್ಕಿಂತ ಮೊದಲ ಎರಡು ವಾರವೇ ಕಷ್ಟ. ಅದರಲ್ಲೂ ನಮ್ಮ ಜುಲೈ ಮಳೆಯಲ್ಲಿ.

ಬಂದ ತಕ್ಷಣ ನಿಮ್ಮ ನಾಯಿಯ ಜೊತೆ ಬಿಡಬೇಡಿ. ಪಾರ್ವೋ, ಡಿಸ್ಟೆಂಪರ್‌ನಂಥ ನಾಯಿಗಳ ಅಂಟುರೋಗ ಒಳಗೇ ಇದ್ದರೂ ಕೆಲವು ದಿನ ಗೊತ್ತಾಗುವುದಿಲ್ಲ. ಕಡಿಮೆ ಅಂದರೂ 14 ದಿನ ಬೇರೆ ಜಾಗ, ಬೇರೆ ತಟ್ಟೆ. ಸೌದೆ ಕೊಟ್ಟಿಗೆಯಾದರೂ ಸಾಕು, ಸೋರಬಾರದು, ಬಾಗಿಲು ಭದ್ರವಾಗಿರಬೇಕು. ರಾತ್ರಿ ಅಂಗಳದಲ್ಲಿ ಕಟ್ಟಿದರೆ ಚಿರತೆಗೆ ಊಟ ಬಡಿಸಿಟ್ಟಂತೆ. ಪಾರ್ವೋ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹಾಗಾಗಿ ನಿಮ್ಮ ನಾಯಿಯ ಲಸಿಕೆ ಬಾಕಿ ಇದ್ದರೆ ಮೊದಲು ಅದನ್ನು ಮುಗಿಸಿ, ಆಮೇಲೆ ಹೊಸದನ್ನು ಕರೆತನ್ನಿ.

ಪಶುವೈದ್ಯರ ಹತ್ತಿರ ಹೋದಾಗ ಜಂತಿನ ಔಷಧಿ, ಉಣ್ಣಿ ಜ್ವರದ ಪರೀಕ್ಷೆ, ರೇಬೀಸ್ ಲಸಿಕೆಯ ಜೊತೆ ಇಲಿ ಜ್ವರದ ಲಸಿಕೆಯನ್ನೂ ಕೇಳಿ. ನೀರು ನಿಲ್ಲುವ ನಮ್ಮ ಕಡೆ ಅದು ಸುಮ್ನೆ ಹೇಳುವ ಮಾತಲ್ಲ, ಮನುಷ್ಯರಿಗೂ ಹರಡುತ್ತದೆ. ಹೆದರಿದ ನಾಯಿ ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ಹಾಕಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ. ಕಾಫಿ ಕೊಯ್ಲಿನ ಸಮಯವಾದರೆ ಕಣದ ಹತ್ತಿರ ಬಿಡಬೇಡಿ, ಕಾಫಿ ಬೀಜ ನಾಯಿಗೆ ವಿಷ.

ಇನ್ನು ಸ್ವಭಾವ. ನಮ್ಮಲ್ಲಿಗೆ ಬಂದಿದ್ದ ಒಂದು ನಾಯಿ ಮೊದಲ ವಾರ ಬೆಂಚಿನ ಕೆಳಗಿಂದ ಏಳಲೇ ಇಲ್ಲ. ‘ಎಷ್ಟು ಸಾಧು!’ ಅಂತ ಬಂದವರಿಗೆಲ್ಲ ಹೇಳಿದೆ. ಮೂರನೇ ವಾರಕ್ಕೆ ನನ್ನ ಗಂಬೂಟು ಹೋಯಿತು, ಅದೂ ಎಡಗಾಲಿನದು ಮಾತ್ರ. ಅದು ಸಾಧುವಾಗಿರಲಿಲ್ಲ, ಹೆದರಿತ್ತು ಅಷ್ಟೇ. ಧೈರ್ಯ ಬಂದ ಮೇಲೇ ನಿಜವಾದ ನಾಯಿ ಹೊರಗೆ ಬರುವುದು.

ಅದನ್ನು ನೋಡುವುದೇ ಇದರ ಖುಷಿ. ಉಪಯೋಗವೂ ಅದೇ. ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಕದಿರು ತೆಗೆಯುವಾಗ ಗುಂಡು ಹಾರಿಸುತ್ತಾರಲ್ಲ, ಆ ಸದ್ದಿಗೆ ನಮ್ಮಲ್ಲಿದ್ದ ಇನ್ನೊಂದು ನಾಯಿ ಮಂಚದ ಕೆಳಗೆ ಸೇರಿ ಬೆಳಗಿನವರೆಗೂ ನಡುಗಿತ್ತು. ಅದನ್ನು ಕೇಳಿಕೊಂಡು ಬಂದವರ ಮನೆ ಪೇಟೆ ನಡುವೆ ಇತ್ತು, ದೀಪಾವಳಿಯಲ್ಲಿ ಪಟಾಕಿ ಜಾಸ್ತಿ. ವಿಷಯ ಹೇಳಿದೆ. ಅವರೇ ಬೇಡ ಅಂದರು. ನಾಲ್ಕು ವಾರ ಕಾದ ಮೇಲೆ ತೋಟದ ನಡುವಿನ ಮನೆಯೊಂದು ಸಿಕ್ಕಿತು.

ಔಷಧಿ ಖರ್ಚು ಯಾರದು, ಮನೆ ಸಿಗದಿದ್ದರೆ ಏನು ಅನ್ನುವುದನ್ನು ನಾಯಿಯನ್ನು ನಿಮಗೆ ತಂದು ಒಪ್ಪಿಸುವವರಿದ್ದರೆ ಅವರ ಜೊತೆ ಮೊದಲೇ ಮಾತಾಡಿಕೊಳ್ಳಿ. ಕೊಡಲು ಮನಸ್ಸಾಗದೆ ಇಟ್ಟುಕೊಂಡುಬಿಟ್ಟರೆ ತಪ್ಪೇನಿಲ್ಲ. ಆದರೆ ಮುಂದಿನ ನಾಯಿಗೆ ನಿಮ್ಮ ಮನೆಯಲ್ಲಿ ಜಾಗ ಇರಲ್ಲ, ಅಷ್ಟೇ.

ಕೊಡುವ ದಿನ ಅದು ಮಲಗುತ್ತಿದ್ದ ಗೋಣಿಚೀಲವನ್ನೂ ಜೊತೆಗೇ ಕಳಿಸಿ. ತೊಳೆಯಬೇಡಿ. ಹೊಸ ಮನೆಯಲ್ಲಿ ಮೊದಲ ರಾತ್ರಿ ಅದಕ್ಕೆ ಗೊತ್ತಿರುವ ವಾಸನೆ ಅದೊಂದೇ.