ಕ್ಯಾನ್ಸರ್ ಔಷಧಿ: ಎಷ್ಟು ಕೊಟ್ಟರೆ ಸಾಕು?

ನಿವೊಲುಮ್ಯಾಬ್ ಔಷಧಿಯ ಸಣ್ಣ ಬಾಟಲಿಯಲ್ಲಿ 40 ಮಿಲಿಗ್ರಾಂ ಇರುತ್ತದೆ. ಒಮ್ಮೆ ತೆರೆದರೆ ಮುಂದಿನ ವಾರಕ್ಕೆಂದು ಎತ್ತಿಡುವಂತಿಲ್ಲ. ಹಾಗಾಗಿ ಬಾಯಿ ಅಥವಾ ಗಂಟಲಿನ ಕ್ಯಾನ್ಸರ್ ಮರುಕಳಿಸಿದ ಇಬ್ಬರನ್ನು ಒಂದೇ ದಿನ ಬರಹೇಳಿ, ಒಂದು ಬಾಟಲಿಯನ್ನು ಇಪ್ಪತ್ತಿಪ್ಪತ್ತು ಮಿಲಿಗ್ರಾಂನಂತೆ ಇಬ್ಬರಿಗೂ ಡ್ರಿಪ್‌ನಲ್ಲಿ ಕೊಡುವ ಪದ್ಧತಿ ನಮ್ಮಲ್ಲಿ ಬೆಳೆದಿದೆ. ಔಷಧಿಯ ಲೇಬಲ್ ಹೇಳುವುದೇ ಬೇರೆ: ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ, ಇಲ್ಲವೇ ನಾಲ್ಕು ವಾರಕ್ಕೊಮ್ಮೆ 480. ನಾವು ಕೊಡುವುದು ಮೂರು ವಾರಕ್ಕೊಮ್ಮೆ 20. ಲೆಕ್ಕ ಹಾಕಿದರೆ ಲೇಬಲ್‌ನ ಪ್ರಮಾಣದ ಹದಿನೆಂಟರಲ್ಲಿ ಒಂದು ಪಾಲು.

ಇದನ್ನು ವಿವರಿಸಿದಾಗ ರೋಗಿಯ ಮಗನೋ ಅಳಿಯನೋ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ. "ಡಾಕ್ಟರೇ, ನಮ್ಮ ಹತ್ತಿರ ದುಡ್ಡಿಲ್ಲವೆಂದು ಅರ್ಧಂಬರ್ಧ ಔಷಧಿ ಕೊಡುತ್ತಿದ್ದೀರಾ?" ನ್ಯಾಯವಾದ ಪ್ರಶ್ನೆ ಅದು. ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ಅದಕ್ಕೆ ಪೂರ್ತಿ ಉತ್ತರ ಕೊಡಲು ಆಗುವುದಿಲ್ಲ. ಇಲ್ಲಿ ಪ್ರಯತ್ನಿಸುತ್ತೇನೆ.

ಮೊದಲು, ದೊಡ್ಡ ಪ್ರಮಾಣವೇ ಸರಿಯಾದ ಪ್ರಮಾಣ ಎಂಬ ನಂಬಿಕೆ ಎಲ್ಲಿಂದ ಬಂತು ಎಂದು ನೋಡಬೇಕು. ಕಿಮೋಥೆರಪಿ ಹುಟ್ಟಿದ್ದು 1940ರ ದಶಕದಲ್ಲಿ, ಯುದ್ಧದ ವಿಷಾನಿಲಗಳ ಅಧ್ಯಯನದಿಂದ ಹೊರಬಂದ ನೈಟ್ರೋಜನ್ ಮಸ್ಟರ್ಡ್‌ನಿಂದ. ವೇಗವಾಗಿ ವಿಭಜನೆಯಾಗುವ ಕೋಶಗಳನ್ನು ಕೊಲ್ಲುವುದು ಇಂಥ ಔಷಧಿಗಳ ಕೆಲಸ. ಪ್ರಮಾಣ ಏರಿದಷ್ಟೂ ಹೆಚ್ಚು ಕೋಶಗಳು ಸಾಯುತ್ತವೆ. ರೋಗಿಯ ಮಜ್ಜೆ, ಕರುಳು, ಕೂದಲು ಎಷ್ಟು ತಾಳಿಕೊಳ್ಳುತ್ತವೆ ಎನ್ನುವುದೊಂದೇ ಮಿತಿ. ಆದ್ದರಿಂದ ಹೊಸ ಔಷಧಿ ಬಂದಾಗಲೆಲ್ಲ ಕೆಲವೇ ರೋಗಿಗಳಲ್ಲಿ ಹಂತಹಂತವಾಗಿ ಪ್ರಮಾಣ ಏರಿಸುತ್ತ ಹೋಗಿ, ಅಡ್ಡಪರಿಣಾಮ ಮಿತಿಮೀರಿದ ಕಡೆ ನಿಲ್ಲಿಸಿ, ಒಂದು ಮೆಟ್ಟಿಲು ಕೆಳಗಿಳಿದು, ಅದನ್ನೇ ಎಲ್ಲರಿಗೂ ನಿಗದಿ ಮಾಡುವುದು ವಾಡಿಕೆಯಾಯಿತು. ಮಕ್ಕಳ ರಕ್ತದ ಕ್ಯಾನ್ಸರ್‌ನಲ್ಲಿ, ದುಗ್ಧಗ್ರಂಥಿಗಳ ಕ್ಯಾನ್ಸರ್‌ನಲ್ಲಿ, ವೃಷಣದ ಕ್ಯಾನ್ಸರ್‌ನಲ್ಲಿ ಬಿಗಿಯಾದ ಪ್ರಮಾಣದ ಕಿಮೋ ಜೀವ ಉಳಿಸಿದೆ. ಆ ಋಣವನ್ನು ಮರೆಯುವಂತಿಲ್ಲ.

ಆದರೆ ಇದೇ ತರ್ಕ 1990ರ ದಶಕದಲ್ಲಿ ಹದ್ದು ಮೀರಿತು. ಸ್ತನ ಕ್ಯಾನ್ಸರ್‌ಗೆ ಮಾಮೂಲಿಗಿಂತ ಹಲವು ಪಟ್ಟು ಕಿಮೋ ಕೊಟ್ಟು, ಅದರಿಂದ ಹಾಳಾಗುವ ಮಜ್ಜೆಯ ಬದಲಿಗೆ ರೋಗಿಯಿಂದಲೇ ಮೊದಲು ತೆಗೆದಿಟ್ಟ ಮಜ್ಜೆಯನ್ನೋ ಕಾಂಡಕೋಶಗಳನ್ನೋ ಮರಳಿ ಕೊಡುವ ಚಿಕಿತ್ಸೆಗೆ ಅಮೆರಿಕದಲ್ಲಿ ಸಾವಿರಾರು ಮಹಿಳೆಯರು ಒಳಗಾದರು. ವಿಮಾ ಕಂಪನಿಗಳು ಹಣ ಕೊಡದಿದ್ದಾಗ ಮೊಕದ್ದಮೆಗಳೂ ನಡೆದವು. 1999ರಲ್ಲಿ ಐದು ಪ್ರಯೋಗಗಳ ಫಲಿತಾಂಶ ಒಟ್ಟಿಗೆ ಹೊರಬಂದಾಗ ನಾಲ್ಕರಲ್ಲಿ ಹೇಳಿಕೊಳ್ಳುವಂಥ ಲಾಭವಿರಲಿಲ್ಲ. ದೊಡ್ಡ ಲಾಭ ತೋರಿಸಿದ ಐದನೆಯದು ದಕ್ಷಿಣ ಆಫ್ರಿಕಾದ ವರ್ನರ್ ಬೆಜ್ವೋಡಾ ಅವರದು. ಮರುವರ್ಷ ತಜ್ಞರ ತಂಡವೊಂದು ಹೋಗಿ ದಾಖಲೆಗಳನ್ನು ಪರಿಶೀಲಿಸಿದಾಗ ಅದು ವಂಚನೆಯೆಂದು ಬಯಲಾಯಿತು. ಆ ಹೊತ್ತಿಗೆ ಎಷ್ಟೋ ಮಹಿಳೆಯರು ಕ್ಯಾನ್ಸರ್‌ನಿಂದಲ್ಲದೆ ಚಿಕಿತ್ಸೆಯಿಂದಲೇ ತೀರಿಕೊಂಡಿದ್ದರು. ನಮ್ಮ ವೃತ್ತಿಯಲ್ಲಿರುವ ಪ್ರತಿಯೊಬ್ಬ ವಿದ್ಯಾರ್ಥಿಗೂ ಈ ಅಧ್ಯಾಯವನ್ನು ಓದಿಸಬೇಕು ಎನ್ನುವುದು ನನ್ನ ಅಭಿಪ್ರಾಯ.

ಈಗ ನಿವೊಲುಮ್ಯಾಬ್‌ಗೆ ಬರೋಣ. ಇದು ಕ್ಯಾನ್ಸರ್ ಕೋಶವನ್ನು ಮುಟ್ಟುವುದೇ ಇಲ್ಲ. ನಮ್ಮ ರಕ್ತದಲ್ಲಿ ರೋಗದ ವಿರುದ್ಧ ಹೋರಾಡುವ ಟಿ ಕೋಶಗಳ ಮೇಲ್ಮೈಯಲ್ಲಿ ಪಿಡಿ-1 ಎಂಬ ಪ್ರೋಟೀನ್ ಇದೆ. ಕ್ಯೋಟೋದ ತಾಸುಕು ಹೊಂಜೋ ಅವರ ತಂಡ 1992ರಲ್ಲಿ ಅದನ್ನು ಗುರುತಿಸಿತು. 2018ರ ನೊಬೆಲ್ ಅವರಿಗೂ ಅಮೆರಿಕದ ಜೇಮ್ಸ್ ಆಲಿಸನ್ ಅವರಿಗೂ ಸಂದಿತು. ಕ್ಯಾನ್ಸರ್ ಕೋಶ ತನ್ನ ಮೈಮೇಲಿನ ಇನ್ನೊಂದು ಪ್ರೋಟೀನನ್ನು ಈ ಪಿಡಿ-1ಕ್ಕೆ ತಗುಲಿಸಿ ಟಿ ಕೋಶವನ್ನು ಸುಮ್ಮನಾಗಿಸುತ್ತದೆ. ನಿವೊಲುಮ್ಯಾಬ್ ಹೋಗಿ ಪಿಡಿ-1ರ ಮೇಲೆ ಕುಳಿತರೆ ಆ ಸಂಪರ್ಕ ತಪ್ಪುತ್ತದೆ, ಟಿ ಕೋಶ ಮತ್ತೆ ತನ್ನ ಕೆಲಸಕ್ಕೆ ಹೊರಡುತ್ತದೆ. ಅಂದರೆ ಇಲ್ಲಿ ಮುಖ್ಯವಾಗುವುದು ಎಷ್ಟು ಪಿಡಿ-1 ಸ್ಥಾನಗಳು ತುಂಬಿದವು ಎನ್ನುವುದು. ಬಸ್ಸಿನ ಸೀಟುಗಳೆಲ್ಲ ಭರ್ತಿಯಾದ ಮೇಲೆ ನಿಲ್ದಾಣದಲ್ಲಿ ಎಷ್ಟೇ ಜನ ಕಾದಿದ್ದರೂ ಸೀಟಿನ ಸಂಖ್ಯೆ ಹೆಚ್ಚುವುದಿಲ್ಲ. ಮನುಷ್ಯರ ಮೇಲಿನ ಆರಂಭಿಕ ಪ್ರಯೋಗಗಳಲ್ಲೇ ಇದು ಕಂಡಿತ್ತು. ತೂಕದ ಪ್ರತಿ ಕಿಲೋಗೆ 10 ಮಿಲಿಗ್ರಾಂನವರೆಗೆ ಏರಿಸಿದರೂ ತಾಳಲಾಗದ ಪ್ರಮಾಣ ಎನ್ನುವುದು ಸಿಗಲಿಲ್ಲ. ಅದಕ್ಕಿಂತ ಬಹಳ ಕಡಿಮೆ ಕೊಟ್ಟವರಲ್ಲೂ ರಕ್ತದ ಟಿ ಕೋಶಗಳ ಪಿಡಿ-1 ಸರಿಸುಮಾರು ಅಷ್ಟೇ ತುಂಬಿತ್ತು, ಎರಡು ತಿಂಗಳವರೆಗೂ ಹಾಗೆಯೇ ಉಳಿದಿತ್ತು. ನಾವು ಕೊಡುವ 20 ಮಿಲಿಗ್ರಾಂ ಕೂಡ ಆ ಕಡಿಮೆ ಪ್ರಮಾಣದ ಸಾಲಿನದೇ: ಅರವತ್ತು ಕಿಲೋ ತೂಗುವವರಿಗೆ ಕಿಲೋಗೆ ಮೂರರಲ್ಲೊಂದು ಮಿಲಿಗ್ರಾಂ.

ರಕ್ತದಲ್ಲಿ ಕಂಡದ್ದು ಗಡ್ಡೆಯೊಳಗೂ ಹಾಗೆಯೇ ನಡೆಯುತ್ತದೆಂದು ಇಷ್ಟರಿಂದಲೇ ಹೇಳಲಾಗದು. ರೋಗಿಗಳಲ್ಲಿ ಪರೀಕ್ಷಿಸಿಯೇ ನೋಡಬೇಕು. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ವಿಜಯ್ ಪಾಟೀಲ್, ಕುಮಾರ್ ಪ್ರಭಾಷ್ ಮತ್ತು ಸಂಗಡಿಗರು ಮಾಡಿದ್ದು ಅದನ್ನೇ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಇಂಥ ಔಷಧಿ ನೂರರಲ್ಲಿ ಒಬ್ಬರಿಂದ ಮೂವರಿಗಷ್ಟೇ ಎಟುಕುತ್ತದೆ ಎನ್ನುವುದು ಅವರ ಹೊರಡುವ ಬಿಂದುವಾಗಿತ್ತು. ತಲೆ ಮತ್ತು ಕತ್ತಿನ ಭಾಗದ ಕ್ಯಾನ್ಸರ್ ಗುಣಪಡಿಸಲಾಗದ ಹಂತ ತಲುಪಿದ್ದ 151 ರೋಗಿಗಳನ್ನು ಎರಡು ಗುಂಪು ಮಾಡಿದರು. ಎಲ್ಲರಿಗೂ ಮೂರು ಬಗೆಯ ಮಾತ್ರೆಗಳು: ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ದಿನವೂ ಸೆಲೆಕಾಕ್ಸಿಬ್ ಮತ್ತು ಎರ್ಲೋಟಿನಿಬ್. ಒಂದು ಗುಂಪಿಗೆ ಇದರ ಜೊತೆಗೆ ಮೂರು ವಾರಕ್ಕೊಮ್ಮೆ 20 ಮಿಲಿಗ್ರಾಂ ನಿವೊಲುಮ್ಯಾಬ್. ಫಲಿತಾಂಶ 2022ರಲ್ಲಿ ಹೊರಬಂತು. ಮಾತ್ರೆ ಮಾತ್ರ ಪಡೆದವರಲ್ಲಿ ಒಂದು ವರ್ಷದ ನಂತರ ಬದುಕಿದ್ದವರು ಶೇಕಡ 16.3, ನಿವೊಲುಮ್ಯಾಬ್ ಸೇರಿಸಿದವರಲ್ಲಿ ಶೇಕಡ 43.4. ತೀವ್ರ ಅಡ್ಡಪರಿಣಾಮಗಳು ಹೆಚ್ಚಲಿಲ್ಲ.

ಈ ಅಂಕಿಗಳನ್ನು ನಾನು ಮನೆಯವರಿಗೆ ಹೇಳುವಾಗ ಇನ್ನೊಂದು ಬದಿಯನ್ನೂ ಹೇಳುತ್ತೇನೆ. ನಿವೊಲುಮ್ಯಾಬ್ ಪಡೆದವರಲ್ಲೂ ನೂರರಲ್ಲಿ ಐವತ್ತಕ್ಕಿಂತ ಹೆಚ್ಚು ಜನ ವರ್ಷದೊಳಗೇ ತೀರಿಕೊಂಡರು. ಮಧ್ಯಮಾಂಕದ ಜೀವಿತಾವಧಿ, ಅಂದರೆ ಅರ್ಧದಷ್ಟು ರೋಗಿಗಳು ದಾಟಿದ ಅವಧಿ, 6.7 ತಿಂಗಳಿನಿಂದ 10.1 ತಿಂಗಳಿಗೆ ಏರಿತು. ಇದು ಗುಣವಲ್ಲ, ಕಾಲಾವಕಾಶ. ಬಾಯಿ ಹುಣ್ಣಾಗಿ ಗಂಜಿಯನ್ನೂ ನುಂಗಲಾಗದವರಿಗೆ ನೋವು ಇಳಿದು, ಉಣ್ಣಲು ಸಾಧ್ಯವಾಗಿ ಸಿಗುವ ಮೂರು ತಿಂಗಳನ್ನು ಯಾರೂ ಹಗುರವಾಗಿ ಕಾಣಬಾರದು.

ಈ ಅಧ್ಯಯನ ಹೇಳದೇ ಇರುವುದೂ ಒಂದಿದೆ. ಇದು 20 ಮಿಲಿಗ್ರಾಂ ಮತ್ತು 240 ಮಿಲಿಗ್ರಾಂಗಳ ನಡುವಿನ ಪೈಪೋಟಿಯಲ್ಲ; 20 ಮತ್ತು ಸೊನ್ನೆಯ ನಡುವಿನದು. ಪೂರ್ಣ ಪ್ರಮಾಣದ ನಿವೊಲುಮ್ಯಾಬ್ ಪರೀಕ್ಷಿಸಿದ 2016ರ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಒಂದು ವರ್ಷ ಬದುಕಿದವರು ಶೇಕಡ 36. ಎರಡೂ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಕಡಿಮೆ ಪ್ರಮಾಣವೇ ಮೇಲು ಎಂದು ವಾಟ್ಸಾಪ್‌ನಲ್ಲಿ ಹಂಚುವವರಿದ್ದಾರೆ. ಅದು ತಪ್ಪು. ರೋಗಿಗಳು ಬೇರೆ, ಜೊತೆಗೆ ಕೊಟ್ಟ ಔಷಧಿಗಳು ಬೇರೆ. ಪೂರ್ಣ ಪ್ರಮಾಣವನ್ನು ಭರಿಸಬಲ್ಲವರು ಕೇಳಿದರೆ, ಲೇಬಲ್‌ನಲ್ಲಿರುವುದನ್ನೇ ತೆಗೆದುಕೊಳ್ಳಿ ಎಂದು ನಾನು ಹೇಳುತ್ತೇನೆ. ಭರಿಸಲಾಗದವರಿಗೆ ಇದು ಅರ್ಧಂಬರ್ಧ ಔಷಧಿಯಲ್ಲ, ಪರೀಕ್ಷೆಗೆ ಒಳಗಾಗಿ ಗೆದ್ದ ಔಷಧಿ ಎಂದೂ ಅಷ್ಟೇ ಖಚಿತವಾಗಿ ಹೇಳುತ್ತೇನೆ. ಪ್ರಮಾಣ ಚಿಕ್ಕದೆಂದು ಎಚ್ಚರ ತಪ್ಪುವಂತೆಯೂ ಇಲ್ಲ. ಥೈರಾಯ್ಡ್ ಏರುಪೇರು, ನಿಲ್ಲದ ಭೇದಿ, ಹೊಸದಾಗಿ ಶುರುವಾದ ಒಣಕೆಮ್ಮು ಮತ್ತು ಉಬ್ಬಸ ಈ ಔಷಧಿಯಿಂದ ಬರಬಹುದು. ಕಂಡ ದಿನವೇ ಫೋನ್ ಮಾಡಬೇಕು.

ಮಾತ್ರೆಗಳ ಕಥೆಯೂ ಸಣ್ಣದಲ್ಲ. ಕಿಮೋವನ್ನು ಮೂರು ವಾರಕ್ಕೊಮ್ಮೆ ಭಾರಿಯಾಗಿ ಕೊಡುವ ಬದಲು ಸಣ್ಣ ಪ್ರಮಾಣದಲ್ಲಿ ಬಿಡದೆ ಕೊಟ್ಟರೆ, ಗಡ್ಡೆಗೆ ಆಹಾರ ಒದಗಿಸಲು ಹೊಸದಾಗಿ ಮೊಳೆಯುವ ರಕ್ತನಾಳಗಳು ಕುಗ್ಗುತ್ತವೆ ಎಂದು 2000ದ ಸುಮಾರಿಗೆ ಇಲಿಗಳಲ್ಲಿ ತೋರಿಸಲಾಗಿತ್ತು. ಟಾಟಾ ಆಸ್ಪತ್ರೆಯವರೇ 422 ರೋಗಿಗಳಲ್ಲಿ ಮೆಥೊಟ್ರೆಕ್ಸೇಟ್ ಮತ್ತು ಸೆಲೆಕಾಕ್ಸಿಬ್ ಮಾತ್ರೆಗಳನ್ನು ಡ್ರಿಪ್‌ನಲ್ಲಿ ಕೊಡುವ ಸಿಸ್ಪ್ಲಾಟಿನ್ ಎಂಬ ಕಿಮೋ ಔಷಧಿಯ ಜೊತೆ ಹೋಲಿಸಿದರು. 2020ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮಾತ್ರೆಯವರ ಮಧ್ಯಮಾಂಕದ ಜೀವಿತಾವಧಿ 7.5 ತಿಂಗಳು, ಸಿಸ್ಪ್ಲಾಟಿನ್‌ನವರದು 6.1. ತೀವ್ರ ಅಡ್ಡಪರಿಣಾಮಗಳೂ ಮಾತ್ರೆಯವರಲ್ಲಿ ಕಡಿಮೆ. ಯಾದಗಿರಿಯಿಂದಲೋ ಹಡಗಲಿಯಿಂದಲೋ ರಾತ್ರಿ ಬಸ್ಸಿನಲ್ಲಿ ಬರಬೇಕಾದ ಕುಟುಂಬಕ್ಕೆ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ಓದಿದವರಿಗೆ, ಹಾಗಾದರೆ ಎಲ್ಲವನ್ನೂ ಕಡಿಮೆ ಮಾಡಬಹುದಲ್ಲ ಎನ್ನಿಸಬಹುದು. ಇಲ್ಲ. ಇದಕ್ಕೆ ಉತ್ತರವೂ ಅದೇ ಆಸ್ಪತ್ರೆಯಿಂದ ಬಂದಿದೆ. ತಲೆ ಮತ್ತು ಕತ್ತಿನ ಕ್ಯಾನ್ಸರ್‌ಗೆ, ಬಹುತೇಕ ಶಸ್ತ್ರಚಿಕಿತ್ಸೆಯ ನಂತರ, ರೇಡಿಯೇಷನ್ ಕೊಡುವಾಗ ಜೊತೆಗೆ ಸಿಸ್ಪ್ಲಾಟಿನ್ ಕೊಡುತ್ತೇವೆ. ಇಲ್ಲಿ ಗುರಿ ಕಾಲಾವಕಾಶವಲ್ಲ, ಗುಣ. ಮೂರು ವಾರಕ್ಕೊಮ್ಮೆ ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 100 ಮಿಲಿಗ್ರಾಂ ಕೊಡುವುದು ಹಳೆಯ ಕ್ರಮ. ವಾಂತಿ, ಮೂತ್ರಪಿಂಡದ ತೊಂದರೆ, ಕಿವುಡುತನದ ಭಯದಿಂದ ಅನೇಕರು ವಾರಕ್ಕೊಮ್ಮೆ 30 ಮಿಲಿಗ್ರಾಂ ಕೊಡುತ್ತಿದ್ದರು. ವನಿತಾ ನರೋನ್ಹಾ ಅವರ ತಂಡ 300 ರೋಗಿಗಳಲ್ಲಿ ಎರಡನ್ನೂ ಮುಖಾಮುಖಿ ಮಾಡಿ 2018ರಲ್ಲಿ ಪ್ರಕಟಿಸಿತು. ಎರಡು ವರ್ಷದ ಹೊತ್ತಿಗೆ ರೋಗ ಮೂಲಸ್ಥಾನದಲ್ಲಿ ಮತ್ತು ಕತ್ತಿನಲ್ಲಿ ಹತೋಟಿಯಲ್ಲಿದ್ದದ್ದು 100ರ ಗುಂಪಿನಲ್ಲಿ ಶೇಕಡ 73.1ರಷ್ಟು ಜನರಿಗೆ, 30ರ ಗುಂಪಿನಲ್ಲಿ ಶೇಕಡ 58.5ರಷ್ಟು ಜನರಿಗೆ. ಅನುಕಂಪದಿಂದ ಇಳಿಸಿದ ಪ್ರಮಾಣ ರೋಗಿಗಳಿಗೆ ನಷ್ಟವನ್ನೇ ತಂದಿತ್ತು. ಅತ್ತ ಜಪಾನಿನವರು ಶಸ್ತ್ರಚಿಕಿತ್ಸೆಯಾದ ರೋಗಿಗಳಲ್ಲಿ ವಾರಕ್ಕೊಮ್ಮೆ 40 ಮಿಲಿಗ್ರಾಂ ಪರೀಕ್ಷಿಸಿದರು. 2022ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಅದು 100ಕ್ಕಿಂತ ಕಡಿಮೆಯೆನಿಸಲಿಲ್ಲ. ಮೂವತ್ತು ಸಾಲದು, ನಲವತ್ತು ಸಾಕು. ಈ ಹತ್ತು ಮಿಲಿಗ್ರಾಂ ಅಂತರವನ್ನು ಯಾವ ಹಿರಿಯ ವೈದ್ಯರ ಅನುಭವವೂ ಊಹಿಸಿ ಹೇಳಲಾರದು.

ಮಾತ್ರೆ ಹೊಟ್ಟೆಗೆ ಹೋಗುವ ಹೊತ್ತೂ ಪ್ರಮಾಣವನ್ನು ಬದಲಿಸುತ್ತದೆ. ಪ್ರಾಸ್ಟೇಟ್ ಕ್ಯಾನ್ಸರ್‌ನ ಅಬಿರಾಟೆರೋನ್ ಇದಕ್ಕೆ ಒಳ್ಳೆಯ ಉದಾಹರಣೆ. ಲೇಬಲ್‌ನಂತೆ ಖಾಲಿ ಹೊಟ್ಟೆಯಲ್ಲಿ ದಿನಕ್ಕೆ 1000 ಮಿಲಿಗ್ರಾಂ, ಅಂದರೆ 250ರ ನಾಲ್ಕು ಮಾತ್ರೆ. ಖಾಲಿ ಹೊಟ್ಟೆಯಲ್ಲಿ ಇದರ ಬಹುಪಾಲು ರಕ್ತಕ್ಕೆ ಸೇರದೆ ಹೊರಹೋಗುತ್ತದೆ. ಜಿಡ್ಡಿನ ಊಟದೊಂದಿಗೆ ತೆಗೆದುಕೊಂಡರೆ ರಕ್ತದಲ್ಲಿ ಸೇರುವ ಪ್ರಮಾಣ ಹತ್ತು ಪಟ್ಟಿನವರೆಗೂ ಏರಬಹುದು. 2018ರಲ್ಲಿ ಪ್ರಕಟವಾದ 72 ರೋಗಿಗಳ ಅಧ್ಯಯನವೊಂದು ಕೊಬ್ಬು ಕಡಿಮೆಯಿರುವ ಬೆಳಗಿನ ತಿಂಡಿಯ ಜೊತೆ ಒಂದೇ ಮಾತ್ರೆ ಕೊಟ್ಟು ನೋಡಿತು. ಪ್ರಾಸ್ಟೇಟ್ ಕ್ಯಾನ್ಸರ್‌ನ ಏರಿಳಿತವನ್ನು ರಕ್ತದಲ್ಲಿ ತೋರಿಸುವ ಪಿಎಸ್ಎ ಎಂಬ ಪ್ರೋಟೀನಿನ ಇಳಿಕೆಯಲ್ಲಿ ಅದು ನಾಲ್ಕು ಮಾತ್ರೆಗೆ ಸಮನಾಗಿತ್ತು. ಅಧ್ಯಯನ ಚಿಕ್ಕದು, ಮುಖ್ಯವಾಗಿ ಅಳೆದದ್ದು ಪಿಎಸ್ಎಯನ್ನು, ಜೀವಿತಾವಧಿಯನ್ನಲ್ಲ. ಆದರೂ ತಿಂಗಳ ಖರ್ಚನ್ನು ಕಾಲುಭಾಗಕ್ಕೆ ಇಳಿಸುವ ಈ ದಾರಿಯನ್ನು ಅಗತ್ಯವಿರುವವರಿಗೆ ನಾನು ತೋರಿಸುತ್ತೇನೆ, ತಿಂಡಿ ಯಾವುದೆಂದೂ ಬರೆದುಕೊಡುತ್ತೇನೆ. ಇಡ್ಲಿಯೂ ಬೆಣ್ಣೆ ದೋಸೆಯೂ ಇಲ್ಲಿ ಒಂದೇ ಅಲ್ಲ. ನಾಲ್ಕೂ ಮಾತ್ರೆಗಳನ್ನು ಊಟದ ಜೊತೆ ನುಂಗುವುದಂತೂ ಅಪಾಯ. ರಕ್ತದೊತ್ತಡ ಏರಿ, ಪೊಟ್ಯಾಸಿಯಂ ಕುಸಿದು ಆಸ್ಪತ್ರೆ ಸೇರಬೇಕಾದೀತು.

ರೇಡಿಯೇಷನ್‌ನಲ್ಲೂ ಇದೇ ಹುಡುಕಾಟ ನಡೆದಿದೆ. ಆರಂಭಿಕ ಹಂತದ ಸ್ತನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯ ನಂತರ ಮೂರು ವಾರಗಳಲ್ಲಿ 15 ಸಲ ಕೊಡುತ್ತಿದ್ದುದನ್ನು ಒಂದೇ ವಾರದಲ್ಲಿ 5 ಸಲಕ್ಕೆ ಇಳಿಸಬಹುದೆಂದು ಬ್ರಿಟನ್ನಿನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಅಧ್ಯಯನ 2020ರಲ್ಲಿ ತೋರಿಸಿತು. ಹಾಗೆಯೇ ಕಿಮೋದ ವಾಂತಿ ತಡೆಯಲು ಕೊಡುವ ಒಲಾಂಜಪೀನ್ 10 ಮಿಲಿಗ್ರಾಂ ಬದಲು 2.5 ಸಾಕು, ತೂಕಡಿಕೆಯೂ ಕಡಿಮೆ ಎಂದು 2024ರಲ್ಲಿ ತಿಳಿದುಬಂತು. ಅದೂ ಟಾಟಾ ಆಸ್ಪತ್ರೆಯ ಕೆಲಸವೇ.

ಇಂಥ ಅಧ್ಯಯನಗಳು ಏಕೆ ಇಷ್ಟು ಕಡಿಮೆ? ತನ್ನ ಔಷಧಿ ಕಡಿಮೆ ಸಾಕು ಎಂದು ಸಾಬೀತು ಮಾಡಲು ಯಾವ ಕಂಪನಿಯೂ ಹಣ ಹೂಡುವುದಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2021ರಲ್ಲಿ ಪ್ರಾಜೆಕ್ಟ್ ಆಪ್ಟಿಮಸ್ ಎಂಬ ಕಾರ್ಯಕ್ರಮ ಆರಂಭಿಸಿ, ಹೊಸ ಔಷಧಿಗಳ ಸರಿಯಾದ ಪ್ರಮಾಣವನ್ನು ಅನುಮತಿಗೆ ಮುಂಚೆಯೇ ಹುಡುಕಿ ಎಂದು ಒತ್ತಾಯಿಸುತ್ತಿದೆ. ಒಳ್ಳೆಯದೇ. ಆದರೆ ಈಗಾಗಲೇ ಮಾರುಕಟ್ಟೆಯಲ್ಲಿರುವ ಔಷಧಿಗಳನ್ನು ಪರೀಕ್ಷಿಸುವ ಹೊಣೆ ಸರ್ಕಾರಿ ಆಸ್ಪತ್ರೆಗಳ ಮೇಲೆ, ದತ್ತಿನಿಧಿಗಳ ಮೇಲೆ ಮತ್ತು ಅಧ್ಯಯನಕ್ಕೆ ಒಪ್ಪಿ ಸಹಿ ಹಾಕುವ ರೋಗಿಗಳ ಮೇಲೆ ಬೀಳುತ್ತದೆ. ಸಹಿ ಕೇಳಿದಾಗ "ನಮ್ಮನ್ನು ಪ್ರಯೋಗದ ಇಲಿ ಮಾಡುತ್ತೀರಾ" ಎಂದು ಹಿಂಜರಿಯುವವರಿದ್ದಾರೆ. ಅವರಿಗೆ ನಾನು ಹೇಳುವುದು ಇಷ್ಟೇ: ನೈತಿಕ ಸಮಿತಿಯ ಒಪ್ಪಿಗೆ ಇದೆಯೇ ಕೇಳಿ, ಎರಡೂ ಗುಂಪಿಗೆ ಏನು ಕೊಡುತ್ತಾರೆ ಕೇಳಿ, ಯಾವಾಗ ಬೇಕಾದರೂ ಹೊರಬರಬಹುದೇ ಕೇಳಿ. ಉತ್ತರ ಸಮಾಧಾನ ತಂದರೆ ಸೇರಿ.

ಒಂದು ಮಾತನ್ನು ಒತ್ತಿ ಹೇಳಬೇಕು. ಹಣ ತೀರುತ್ತ ಬಂದಾಗ ಅನೇಕ ಕುಟುಂಬಗಳು ನಮಗೆ ತಿಳಿಸದೆ ತಾವೇ ಪ್ರಮಾಣ ಇಳಿಸುತ್ತವೆ. ದಿನದ ಮಾತ್ರೆಯನ್ನು ದಿನ ಬಿಟ್ಟು ದಿನ ಕೊಡುತ್ತಾರೆ, ಇಲ್ಲವೇ ಒಂದು ಸುತ್ತು ತಪ್ಪಿಸಿ "ಊರಲ್ಲಿ ಮದುವೆಯಿತ್ತು" ಎನ್ನುತ್ತಾರೆ. ದೀರ್ಘಕಾಲದ ಮಯಲಾಯ್ಡ್ ರಕ್ತದ ಕ್ಯಾನ್ಸರ್‌ಗೆ ಇಮ್ಯಾಟಿನಿಬ್ ತೆಗೆದುಕೊಳ್ಳುವವರು ಹೀಗೆ ಮಾಡಿದರೆ ರೋಗ ಔಷಧಿಗೆ ಜಗ್ಗದಂತಾಗಬಹುದು. ಸಂಕೋಚ ಬೇಡ. ಹಣ ಸಾಲದೆಂದು ಮೊದಲ ಭೇಟಿಯಲ್ಲೇ ಹೇಳಿದರೆ, ಪರೀಕ್ಷೆಗೊಳಗಾದ ಕಡಿಮೆ ಖರ್ಚಿನ ಕ್ರಮ ನಿಮ್ಮ ಕಾಯಿಲೆಗೆ ಇದೆಯೋ ಇಲ್ಲವೋ ನೋಡಬಹುದು, ಜೆನೆರಿಕ್ ಔಷಧಿಗೆ ಬದಲಾಯಿಸಬಹುದು, ಸರ್ಕಾರಿ ಯೋಜನೆಗೆ ಅರ್ಜಿ ಹಾಕಿಸಬಹುದು. ಎರಡು ಸುತ್ತು ತಪ್ಪಿ ಗಡ್ಡೆ ಮತ್ತೆ ಬೆಳೆದ ಮೇಲೆ ಬಂದರೆ ಇವುಗಳಲ್ಲಿ ಅರ್ಧದಷ್ಟು ದಾರಿಗಳು ಮುಚ್ಚಿರುತ್ತವೆ.