ಬೀದರ್‌ನಿಂದ ಕಿಂಗ್‌ಸ್ಟನ್‌ಗೆ ಉದಗೀರ್ ಕಡೆಯಿಂದಲೇ ಹತ್ತಿರ

ಬೀದರ್ ಇರುವುದು ಸುಮಾರು 17.9 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಜಮೈಕಾದ ರಾಜಧಾನಿ ಕಿಂಗ್‌ಸ್ಟನ್ ಕೂಡ ಹೆಚ್ಚುಕಡಿಮೆ ಅದೇ ಗೆರೆಯ ಮೇಲಿದೆ. 2006ರಲ್ಲಿ ರಾಹುಲ್ ದ್ರಾವಿಡ್ ನಾಯಕತ್ವದ ಭಾರತ ಟೆಸ್ಟ್ ಸರಣಿ ಗೆದ್ದ ಸಬೀನಾ ಪಾರ್ಕ್ ಇರುವುದು ಅಲ್ಲೇ. ಗೋಡೆಯ ಭೂಪಟ ನೋಡಿದರೆ ದಾರಿ ಬಹಳ ಸುಲಭ ಅನ್ನಿಸುತ್ತದೆ. ಬಸವಕಲ್ಯಾಣದ ಕಡೆಗೆ, ಅಂದರೆ ನೇರ ಪಶ್ಚಿಮಕ್ಕೆ ಹೊರಟು ಅರಬ್ಬಿ ಸಮುದ್ರ, ಆಫ್ರಿಕಾ, ಅಟ್ಲಾಂಟಿಕ್ ದಾಟಿದರೆ ಸಾಕು. ಒಟ್ಟು ಸುಮಾರು 16,300 ಕಿ.ಮೀ.

ಆದರೆ ಇದಕ್ಕಿಂತ 1,200 ಕಿ.ಮೀ. ಕಡಿಮೆ ದೂರದ ದಾರಿಯೊಂದಿದೆ. ಅದು ಹೊರಡುವುದು ಉದಗೀರ್ ದಿಕ್ಕಿಗೆ! ಪಶ್ಚಿಮಕ್ಕಿಂತ ಉತ್ತರಕ್ಕೇ ಜಾಸ್ತಿ ವಾಲಿದ ದಾರಿ ಅದು. ರಾಜಸ್ಥಾನ, ಪಾಕಿಸ್ತಾನ, ಕಂದಹಾರ್ ಹತ್ತಿರದ ಆಕಾಶ, ಕ್ಯಾಸ್ಪಿಯನ್ ಸಮುದ್ರ, ರಷ್ಯಾ, ಉಕ್ರೇನ್, ಪೋಲೆಂಡ್, ಡೆನ್ಮಾರ್ಕ್ ದಾಟಿ ಸ್ಕಾಟ್‌ಲೆಂಡಿನ ದಕ್ಷಿಣ ಅಂಚನ್ನು ಮುಟ್ಟುತ್ತದೆ. ಅಲ್ಲಿಂದ ಅಟ್ಲಾಂಟಿಕ್ ಮೇಲೆ ಇಳಿಜಾರಾಗಿ ಜಮೈಕಾಕ್ಕೆ. ನಂಬಿಕೆ ಬರದಿದ್ದರೆ ಶಾಲೆಯ ಗ್ಲೋಬ್ ಮೇಲೆ ಎರಡೂ ಊರುಗಳ ನಡುವೆ ಒಂದು ದಾರ ಬಿಗಿಯಾಗಿ ಎಳೆದು ನೋಡಿ. ದಾರ ತಾನಾಗಿಯೇ ಉತ್ತರಕ್ಕೆ ಸರಿಯುತ್ತದೆ. ಭೂಮಿಯ ಹೊಟ್ಟೆಯ ಅಗಲ ಸಮಭಾಜಕದ ಹತ್ತಿರ ಜಾಸ್ತಿ, ಧ್ರುವದ ಕಡೆಗೆ ಹೋದಷ್ಟೂ ಸುತ್ತು ಕಡಿಮೆ. ಗೋಡೆಯ ಭೂಪಟ ಉತ್ತರದ ದೇಶಗಳನ್ನು ಹಿಗ್ಗಿಸಿ ತೋರಿಸುವುದರಿಂದ ಈ ನೇರ ದಾರಿ ಅಲ್ಲಿ ಬಿಲ್ಲಿನಂತೆ ಬಾಗಿ ಕಾಣುತ್ತದೆ, ಅಷ್ಟೇ.

ಹತ್ತಿರದ ದಾರಿ ಇದೆ ಎಂದಮಾತ್ರಕ್ಕೆ ಹಾರಲು ಆಗುವುದಿಲ್ಲ. ಉಕ್ರೇನ್ ಆಕಾಶ 2022ರ ಫೆಬ್ರವರಿಯಲ್ಲಿ ಪ್ರಯಾಣಿಕ ವಿಮಾನಗಳಿಗೆ ಮುಚ್ಚಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. ಯುದ್ಧದ ಬೆಲೆಯನ್ನು ಪ್ರಯಾಣಿಕರೂ ಹೀಗೆ ಗಂಟೆಗಳ ಲೆಕ್ಕದಲ್ಲಿ ಕಟ್ಟುತ್ತಾರೆ.

ಇನ್ನು ಮಕ್ಕಳು ಕೇಳುವ ಒಂದು ಒಳ್ಳೆಯ ಪ್ರಶ್ನೆ. ಭೂಮಿ ಪೂರ್ವಕ್ಕೆ ತಿರುಗುತ್ತದೆ, ಹಾಗಾದರೆ ಪಶ್ಚಿಮಕ್ಕೆ ಹಾರುವ ವಿಮಾನ ಬೇಗ ಮುಟ್ಟಬೇಕು, ಅಲ್ವಾ? ಇಲ್ಲ. ಬೀದರ್‌ನ ನೆಲ ಗಂಟೆಗೆ ಸುಮಾರು 1,590 ಕಿ.ಮೀ. ವೇಗದಲ್ಲಿ ತಿರುಗುತ್ತಿದೆ ನಿಜ, ಆದರೆ ಗಾಳಿಯೂ ವಿಮಾನವೂ ಅದರ ಜೊತೆಗೇ ತಿರುಗುತ್ತಿವೆ. ಲೆಕ್ಕ ಬದಲಿಸುವುದು ಜೆಟ್ ಸ್ಟ್ರೀಮ್. ಸುಮಾರು 10 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸದಿಂದ ಬೀಸುವ ಗಾಳಿ ಇದು. ಉತ್ತರದ ಚಳಿಗೂ ದಕ್ಷಿಣದ ಬಿಸಿಗೂ ಇರುವ ಅಂತರದಿಂದ ಹುಟ್ಟುತ್ತದೆ. ಚಳಿಗಾಲದಲ್ಲಿ ಇದರ ಜೋರು ಜಾಸ್ತಿ. ಅದಕ್ಕೇ ಅಮೆರಿಕದಿಂದ ಬರುವವರು ಹೋಗುವಾಗಿನದಕ್ಕಿಂತ ಬೇಗ ಊರು ಮುಟ್ಟುತ್ತಾರೆ.

ಬೀದರ್‌ನಿಂದ ಕಿಂಗ್‌ಸ್ಟನ್‌ಗೆ ನೇರ ವಿಮಾನವಿಲ್ಲ. ಇದ್ದಿದ್ದರೆ, ಗಂಟೆಗೆ 900 ಕಿ.ಮೀ. ವೇಗದಲ್ಲಿ 15,100 ಕಿ.ಮೀ.ಗೆ ಸುಮಾರು 17 ಗಂಟೆ. ಎದುರುಗಾಳಿ ಸೇರಿಸಿ 18 ಅನ್ನೋಣ. ಜಮೈಕಾದ ಗಡಿಯಾರ ನಮ್ಮದಕ್ಕಿಂತ ಹತ್ತೂವರೆ ಗಂಟೆ ಹಿಂದೆ. ಬೀದರ್‌ನಲ್ಲಿ ಬೆಳಿಗ್ಗೆ 6ಕ್ಕೆ ಹತ್ತಿದವರು ಅದೇ ದಿನ ಮಧ್ಯಾಹ್ನ ಒಂದೂವರೆಗೆ ಕಿಂಗ್‌ಸ್ಟನ್‌ನಲ್ಲಿ ಇಳಿಯುತ್ತಿದ್ದರು.