ಓದುಗರ ಪ್ರಶ್ನೆ: ವಿಎಂಗೆ ಎರಡನೇ ನೆಟ್‌ವರ್ಕ್ ಕೊಟ್ಟ ತಕ್ಷಣ ಇಂಟರ್‌ನೆಟ್ ಹೋಗುವುದು ಯಾಕೆ?

ಪ್ರಶ್ನೆ: ನಾಪೋಕ್ಲು ಹತ್ತಿರ ತೋಟದ ಮನೆಯಿಂದ ಕೆಲಸ ಮಾಡುತ್ತೇನೆ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ವರ್ಚುವಲ್‌ಬಾಕ್ಸ್ (ಕಂಪ್ಯೂಟರಿನೊಳಗೆ ಇನ್ನೊಂದು ವರ್ಚುವಲ್ ಕಂಪ್ಯೂಟರ್, ಅಂದರೆ ವಿಎಂ ಓಡಿಸುವ ಸಾಫ್ಟ್‌ವೇರ್), ಅದರೊಳಗೆ ಉಬುಂಟು ಲಿನಕ್ಸ್ ಸರ್ವರ್. ಲ್ಯಾಪ್‌ಟಾಪಿನಿಂದ ಸರ್ವರ್‌ಗೆ ಎಸ್‌ಎಸ್‌ಎಚ್ (ನೆಟ್‌ವರ್ಕ್ ಮೂಲಕ ಲಾಗಿನ್) ಆಗಬೇಕು, ಸರ್ವರ್‌ಗೆ ಇಂಟರ್‌ನೆಟ್ಟೂ ಬೇಕು. ಎರಡನೇ ಅಡಾಪ್ಟರ್ (ನೆಟ್‌ವರ್ಕ್ ಕಾರ್ಡ್) ಹಾಕಿ ಐಪಿ, ಗೇಟ್‌ವೇ ಎಲ್ಲ ಕೊಟ್ಟೆ. ಎಸ್‌ಎಸ್‌ಎಚ್ ಬಂತು, ಇಂಟರ್‌ನೆಟ್ ಹೋಯಿತು. ಎರಡೂ ಒಟ್ಟಿಗೆ ಆಗುವುದಿಲ್ಲವಾ?

ಉತ್ತರ: ಖಂಡಿತ ಆಗುತ್ತದೆ. ವರ್ಚುವಲ್‌ಬಾಕ್ಸ್‌ನಲ್ಲಿ ಒಂದು ವಿಎಂಗೆ 8 ನೆಟ್‌ವರ್ಕ್ ಕಾರ್ಡ್‌ಗಳವರೆಗೆ ಕೊಡಬಹುದು. ನಿಮ್ಮ ತೊಂದರೆ ಕಾರ್ಡಿನದ್ದಲ್ಲ. ‘ಗೇಟ್‌ವೇ ಎಲ್ಲ ಕೊಟ್ಟೆ’ ಅಂದಿರಲ್ಲ, ಎಡವಟ್ಟಾಗಿರುವುದು ಅಲ್ಲೇ. ಗೇಟ್‌ವೇ ಅಂದರೆ ಹೊರಗಿನ ನೆಟ್‌ವರ್ಕಿಗೆ ಹೋಗುವ ಬಾಗಿಲು. ಈ ಪ್ರಶ್ನೆ ಕೇಳುವವರಲ್ಲಿ ಬಹಳ ಜನ ಸಿಕ್ಕಿಹಾಕಿಕೊಳ್ಳುವುದೂ ಇದರಲ್ಲೇ.

ತೋಟದ ಮನೆಯನ್ನೇ ತೆಗೆದುಕೊಳ್ಳಿ. ಮುಂದಿನ ಗೇಟಿನಿಂದ ಹೊರಟರೆ ಟಾರ್ ರಸ್ತೆ, ಅಲ್ಲಿಂದ ಮಡಿಕೇರಿಗೂ ಹೋಗಬಹುದು, ಮೈಸೂರಿಗೂ ಹೋಗಬಹುದು. ಹಿಂದಿನ ಬಾಗಿಲಿನಿಂದ ಹೊರಟರೆ ಕಾಫಿ ಒಣಗಿಸುವ ಕಣ, ದಾರಿ ಅಲ್ಲಿಗೆ ಮುಗಿಯಿತು. ವಿಎಂನ ಎರಡು ಕಾರ್ಡ್‌ಗಳೂ ಹೀಗೇ ಇರಬೇಕು. ನೀವು ಹಿಂದಿನ ಬಾಗಿಲಿಗೂ ‘ಮೈಸೂರಿಗೆ ದಾರಿ’ ಅಂತ ಬೋರ್ಡ್ ಹಾಕಿದ್ದೀರಿ.

ಇದು ನಿಜವಾ ಅಂತ ನೀವೇ ನೋಡಬಹುದು. ಉಬುಂಟುವಿನಲ್ಲಿ ‘ಐಪಿ ರೂಟ್’ ಕಮಾಂಡ್ ಕೊಡಿ. ‘ಡಿಫಾಲ್ಟ್’ ಅಂತ ಶುರುವಾಗುವ ಸಾಲು ಒಂದೇ ಇರಬೇಕು. ನಿಮ್ಮಲ್ಲಿ ಎರಡು ಇರುತ್ತವೆ. ಒಂದು ಮೊದಲ ಕಾರ್ಡಿನ ಇಂಟರ್‌ನೆಟ್ ದಾರಿಯಾದ 10.0.2.2 ಕಡೆಗೆ, ಅದರ ಕೊನೆಯಲ್ಲಿ ಮೆಟ್ರಿಕ್ 100. ಇನ್ನೊಂದು ಬಹುಶಃ 192.168.56.1 ಕಡೆಗೆ, ಅದಕ್ಕೆ ಮೆಟ್ರಿಕ್ಕೇ ಇಲ್ಲ. ಮೆಟ್ರಿಕ್ ಕಡಿಮೆ ಇರುವ ದಾರಿಯನ್ನು ಲಿನಕ್ಸ್ ಮೊದಲು ಹಿಡಿಯುತ್ತದೆ. ಮೆಟ್ರಿಕ್ ಬರೆದಿಲ್ಲ ಅಂದರೆ ಸೊನ್ನೆ, ಹಾಗಾಗಿ ಎರಡನೆಯದೇ ಗೆಲ್ಲುತ್ತದೆ. ಆ 192.168.56.1 ಅಂದರೆ ನಿಮ್ಮ ಲ್ಯಾಪ್‌ಟಾಪೇ. ಅದು ವಿಎಂ ಜೊತೆ ಮಾತಾಡುತ್ತದೆ, ಆದರೆ ಅಲ್ಲಿಗೆ ಬಂದ ಪ್ಯಾಕೆಟ್ಟನ್ನು ಹೊರಗಿನ ಇಂಟರ್‌ನೆಟ್ಟಿಗೆ ದಾಟಿಸುವುದಿಲ್ಲ. ಎಸ್‌ಎಸ್‌ಎಚ್ ಬಂದು ಇಂಟರ್‌ನೆಟ್ ಹೋದದ್ದು ಇದಕ್ಕೇ.

ಈಗ ಮೊದಲಿನಿಂದ ಸರಿಯಾಗಿ ಕಟ್ಟೋಣ. ವಿಎಂ ಪೂರ್ತಿ ಆಫ್ ಮಾಡಿ. ಓಡುತ್ತಿರುವಾಗ ಹೊಸ ಅಡಾಪ್ಟರ್ ಸೇರಿಸಲು ಆಗುವುದಿಲ್ಲ. ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಭಾಗದಲ್ಲಿ ಅಡಾಪ್ಟರ್ 1 ಅನ್ನು ನ್ಯಾಟ್‌ನಲ್ಲೇ (ಲ್ಯಾಪ್‌ಟಾಪಿನ ಇಂಟರ್‌ನೆಟ್ಟನ್ನೇ ವಿಎಂಗೂ ಕೊಡುವ ವಿಧಾನ) ಬಿಡಿ. ಅಡಾಪ್ಟರ್ 2 ಎನೇಬಲ್ ಮಾಡಿ, ಹೋಸ್ಟ್ ಓನ್ಲಿ (ಲ್ಯಾಪ್‌ಟಾಪ್ ಮತ್ತು ವಿಎಂ ನಡುವೆ ಮಾತ್ರ ಇರುವ ನೆಟ್‌ವರ್ಕ್) ಆರಿಸಿ. ಕೆಳಗೆ ಹೆಸರಿನ ಜಾಗ ಖಾಲಿ ಇದ್ದರೆ ಟೂಲ್ಸ್‌ನ ನೆಟ್‌ವರ್ಕ್ ವಿಭಾಗಕ್ಕೆ ಹೋಗಿ ಒಂದು ಹೋಸ್ಟ್ ಓನ್ಲಿ ನೆಟ್‌ವರ್ಕ್ ಮಾಡಿಕೊಳ್ಳಿ. ಅಷ್ಟೇ.

ವಿಎಂ ಮತ್ತೆ ಆನ್ ಮಾಡಿ ‘ಐಪಿ ಎ’ ಕೊಟ್ಟರೆ ಎರಡು ಕಾರ್ಡ್ ಕಾಣುತ್ತವೆ. ಸಾಮಾನ್ಯವಾಗಿ ಮೊದಲನೆಯದರ ಹೆಸರು ಇಎನ್‌ಪಿ0ಎಸ್3, ಎರಡನೆಯದು ಇಎನ್‌ಪಿ0ಎಸ್8. ನಡುವೆ 4, 5, 6, 7 ಎಲ್ಲಿ ಹೋದವು ಅಂತ ತಲೆ ಕೆಡಿಸಿಕೊಳ್ಳಬೇಡಿ, ಅದು ವರ್ಚುವಲ್ ಮದರ್‌ಬೋರ್ಡಿನ ಸ್ಲಾಟ್ ನಂಬರ್. ಯಾವುದು ಯಾವುದು ಅಂತ ಅನುಮಾನ ಬಂದರೆ ಮ್ಯಾಕ್ ಅಡ್ರೆಸ್ (ಕಾರ್ಡಿನ ಗುರುತಿನ ನಂಬರ್) ತಾಳೆ ನೋಡಿ. ಸೆಟ್ಟಿಂಗ್ಸ್‌ನಲ್ಲಿ ಅಡಾಪ್ಟರಿನ ಅಡ್ವಾನ್ಸ್‌ಡ್ ಭಾಗದಲ್ಲಿ ಅದು ಇರುತ್ತದೆ.

ಉಬುಂಟು ಇನ್‌ಸ್ಟಾಲ್ ಆದ ಮೇಲೆ ಸೇರಿಸಿದ ಕಾರ್ಡ್ ತಾನಾಗಿ ಎದ್ದು ಕೂರುವುದಿಲ್ಲ. ‘ಡೌನ್’ ಅಂತಲೇ ತೋರಿಸುತ್ತದೆ, ಐಪಿ ಇರುವುದಿಲ್ಲ. ಉಬುಂಟು ತನ್ನ ನೆಟ್‌ವರ್ಕ್ ಸೆಟ್ಟಿಂಗ್ ಇಟ್ಟುಕೊಳ್ಳುವ ನೆಟ್‌ಪ್ಲಾನ್ ಫೈಲಿನಲ್ಲಿ ಅದರ ಹೆಸರೇ ಇಲ್ಲದಿರುವುದು ಕಾರಣ. ಇಟಿಸಿ ಫೋಲ್ಡರಿನೊಳಗಿನ ನೆಟ್‌ಪ್ಲಾನ್ ಫೋಲ್ಡರಿನಲ್ಲಿ ಯಾಮಲ್ ಫೈಲ್ ಇದೆ. ಅದನ್ನು ಓಪನ್ ಮಾಡಿ, ಮೊದಲ ಕಾರ್ಡಿನ ವಿವರದ ಕೆಳಗೆ, ಅದರ ಹೆಸರಿನ ಹಿಂದೆ ಇರುವಷ್ಟೇ ಸ್ಪೇಸ್ ಬಿಟ್ಟು ಎರಡನೇ ಕಾರ್ಡಿನ ಹೆಸರು ಬರೆಯಿರಿ. ಅದರ ಅಡ್ರೆಸ್ 192.168.56.10/24 ಅಂತ ಕೊಡಿ. ವರ್ಚುವಲ್‌ಬಾಕ್ಸ್‌ನ ಡಿಎಚ್‌ಸಿಪಿ (ತಾನಾಗಿ ಐಪಿ ಹಂಚುವ ವ್ಯವಸ್ಥೆ) ಮಾಮೂಲಿಯಾಗಿ 101ರಿಂದ ಮೇಲಿನ ನಂಬರ್ ಹಂಚುತ್ತದೆ, ಹಾಗಾಗಿ 10 ನಿಮಗೆ ಖಾಯಂ. ಗೇಟ್‌ವೇ ಸಾಲು ಬರೆಯಲೇಬೇಡಿ. ಈಗಾಗಲೇ ಬರೆದಿದ್ದರೆ, ಗೇಟ್‌ವೇ4 ಇರಲಿ, ರೂಟ್ಸ್ ಕೆಳಗಿನ ಡಿಫಾಲ್ಟ್ ಇರಲಿ, ಅಳಿಸಿ. ಯಾಮಲ್‌ನಲ್ಲಿ ಟ್ಯಾಬ್ ಒತ್ತಬೇಡಿ, ಸ್ಪೇಸ್ ಮಾತ್ರ. ಒಂದು ಟ್ಯಾಬ್ ಸೇರಿಕೊಂಡರೂ ಇಡೀ ಫೈಲ್ ತಿರಸ್ಕಾರ ಆಗುತ್ತದೆ.

ಆಮೇಲೆ ‘ಸುಡೋ ನೆಟ್‌ಪ್ಲಾನ್ ಟ್ರೈ’. ಇದನ್ನು ರೂಢಿ ಮಾಡಿಕೊಳ್ಳಿ ಅಂತ ಒತ್ತಿ ಹೇಳುತ್ತೇನೆ. 120 ಸೆಕೆಂಡಿನಲ್ಲಿ ನೀವು ಎಂಟರ್ ಒತ್ತದಿದ್ದರೆ ಹಳೆಯ ಸೆಟ್ಟಿಂಗ್ ತಾನಾಗಿ ವಾಪಸ್ ಬರುತ್ತದೆ. ಎಸ್‌ಎಸ್‌ಎಚ್‌ನಲ್ಲಿ ಕೂತು ನೆಟ್‌ವರ್ಕ್ ಬದಲಾಯಿಸುವಾಗ ಇದಕ್ಕಿಂತ ಧೈರ್ಯ ಕೊಡುವುದು ಬೇರೆ ಇಲ್ಲ. ವಿಎಂ ಒಳಗೆ ವಿಂಡೋಸ್ ಇದ್ದರೂ ನಿಯಮ ಅದೇ: ಹೋಸ್ಟ್ ಓನ್ಲಿ ಕಾರ್ಡಿನ ಐಪಿವಿ4 ಪ್ರಾಪರ್ಟೀಸ್‌ನಲ್ಲಿ ಡಿಫಾಲ್ಟ್ ಗೇಟ್‌ವೇ ಖಾಲಿ ಬಿಡಬೇಕು.

‘ನ್ಯಾಟ್, ಹೋಸ್ಟ್ ಓನ್ಲಿ ಬದಲು ಬ್ರಿಡ್ಜ್ಡ್ ಒಂದೇ ಹಾಕಿದರೆ ಎರಡೂ ಕೆಲಸ ಆಗುತ್ತಲ್ಲ’ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಆಗುತ್ತದೆ, ನಿಜ. ವಿಎಂ ನಿಮ್ಮ ರೂಟರಿನಿಂದ ನೇರ ಐಪಿ ಪಡೆದು, ಮನೆಯಲ್ಲಿ ಇನ್ನೊಂದು ಕಂಪ್ಯೂಟರಿನ ಹಾಗೆ ಇರುತ್ತದೆ. ಪಕ್ಕದ ಕೋಣೆಯ ಡೆಸ್ಕ್‌ಟಾಪಿನಿಂದಲೂ ಆ ಸರ್ವರ್ ಕಾಣಬೇಕು ಅಂದರೆ ಅದೇ ಬೇಕು. ಆದರೆ ನಿಮಗೆ ನಾನು ಅದನ್ನು ಹೇಳುವುದಿಲ್ಲ. ಕಾರಣ ನಮ್ಮ ಮಳೆ.

ಜೂನ್ ಬಂತು ಅಂದರೆ ನಮ್ಮ ಕಡೆ ಏನಾಗುತ್ತದೆ ಅಂತ ನಿಮಗೆ ಗೊತ್ತಲ್ವಾ. ಗಾಳಿಗೆ ಸಿಲ್ವರ್ ಓಕ್ ಕೊಂಬೆ ಬಿದ್ದು ಫೈಬರ್ ತುಂಡಾಗುತ್ತದೆ. ಕರೆಂಟ್ ಹೋಗಿ ರೂಟರ್ ಆಫ್ ಆಗುತ್ತದೆ. ಆಗ ಫೋನ್ ತೆಗೆದು, ಸಿಗ್ನಲ್ ಸಿಗುವ ಕಿಟಕಿ ಹತ್ತಿರ ಇಟ್ಟು ಹಾಟ್‌ಸ್ಪಾಟ್ ಹಾಕುತ್ತೇವೆ. ಬ್ರಿಡ್ಜ್ಡ್ ಇದ್ದರೆ ವಿಎಂನ ಐಪಿ ಆ ಕ್ಷಣಕ್ಕೆ ಕೆಲಸಕ್ಕೆ ಬಾರದ್ದಾಗುತ್ತದೆ, ಹೊಸ ನೆಟ್‌ವರ್ಕಿನ ಐಪಿ ಬೇಕಾಗುತ್ತದೆ. ಫೋನನ್ನು ಯುಎಸ್‌ಬಿ ಕೇಬಲ್ಲಿನಲ್ಲಿ ಜೋಡಿಸಿದರಂತೂ ಬ್ರಿಡ್ಜ್ ಹಳೆಯ ವೈಫೈ ಕಾರ್ಡಿಗೇ ಅಂಟಿಕೊಂಡಿರುತ್ತದೆ, ನೀವೇ ಹೋಗಿ ಬದಲಾಯಿಸಬೇಕು. ನ್ಯಾಟ್‌ಗೆ ಈ ಗೋಜಿಲ್ಲ. ಲ್ಯಾಪ್‌ಟಾಪ್ ಯಾವ ದಾರಿ ಹಿಡಿದಿದೆಯೋ ವಿಎಂ ಅದನ್ನೇ ಹಿಡಿಯುತ್ತದೆ. ಫೈಬರ್‌ನಿಂದ ಫೋನಿಗೆ ಹೋದರೆ ನಡೆಯುತ್ತಿದ್ದ ಡೌನ್‌ಲೋಡ್ ಕಡಿಯಬಹುದು, ಆದರೆ ಹೊಸದಾಗಿ ಶುರು ಮಾಡಿದರೆ ನಡೆಯುತ್ತದೆ. ಇನ್ನು ಹೋಸ್ಟ್ ಓನ್ಲಿಗೆ ಹೊರಗಿನ ನೆಟ್ಟೇ ಬೇಡ. ಫೈಬರೂ ಇಲ್ಲ, ಸಿಗ್ನಲ್ಲೂ ಇಲ್ಲ ಅಂದ ದಿನವೂ 192.168.56.10ಕ್ಕೆ ಎಸ್‌ಎಸ್‌ಎಚ್ ಆಗುತ್ತದೆ. ಲ್ಯಾಪ್‌ಟಾಪಿನ ಬ್ಯಾಟರಿ ಇರುವಷ್ಟು ಹೊತ್ತು ಕೆಲಸ ಮಾಡಬಹುದು.

ಮುಂದೆ ಕಾಲೇಜಿನಲ್ಲೋ ಆಫೀಸಿನಲ್ಲೋ ಬ್ರಿಡ್ಜ್ಡ್ ಬೇಕೇ ಬೇಕು ಅಂತಾದರೆ ಅದನ್ನು ಮೂರನೇ ಅಡಾಪ್ಟರ್ ಆಗಿ ಸೇರಿಸಿ. ಅಲ್ಲಿನ ರೂಟರ್ ಡಿಎಚ್‌ಸಿಪಿಯಲ್ಲಿ ತನ್ನ ಗೇಟ್‌ವೇಯನ್ನೂ ಕೊಡುತ್ತದೆ, ಮತ್ತೆ ಎರಡು ಡಿಫಾಲ್ಟ್ ಆಗುತ್ತವೆ. ನೆಟ್‌ಪ್ಲಾನ್‌ನಲ್ಲಿ ಆ ಕಾರ್ಡಿಗೆ ಡಿಎಚ್‌ಸಿಪಿ4 ಓವರ್‌ರೈಡ್ಸ್ ಕೆಳಗೆ ರೂಟ್ ಮೆಟ್ರಿಕ್ 200 ಅಂತ ಬರೆಯಿರಿ. ಆಗ 100 ಇರುವ ನ್ಯಾಟ್ ದಾರಿಯೇ ಮುಂದೆ ಇರುತ್ತದೆ. ಒಂದು ಪೋರ್ಟಿಗೆ ಒಂದೇ ಮ್ಯಾಕ್ ಅಂತ ಬಿಗಿ ಮಾಡಿರುವ ನೆಟ್‌ವರ್ಕುಗಳಲ್ಲಿ ಬ್ರಿಡ್ಜ್ಡ್‌ಗೆ ಐಪಿಯೇ ಸಿಗದಿರಬಹುದು. ಅಲ್ಲಿ ಅಡ್ಮಿನ್ ಹತ್ತಿರ ಕೇಳುವುದೇ ದಾರಿ.

ಕೊನೆಗೆ ಒಂದು ಸೆಟ್ಟಿಂಗ್, ಮಳೆಗಾಲಕ್ಕೆ ಮೊದಲೇ ಮಾಡಿಟ್ಟುಕೊಳ್ಳಿ. ನ್ಯಾಟ್ ಇದ್ದರೂ ಫೋನಿಗೆ ಬದಲಾದ ಮೇಲೆ ಕೆಲವೊಮ್ಮೆ 8.8.8.8ಕ್ಕೆ ಪಿಂಗ್ ಹೋಗುತ್ತದೆ, ಹೆಸರು ಕೊಟ್ಟರೆ ಮಾತ್ರ ಸಿಗುವುದಿಲ್ಲ. ವಿಎಂ ಇನ್ನೂ ಹಳೆಯ ಕನೆಕ್ಷನ್ನಿನ ಡಿಎನ್‌ಎಸ್ ಸರ್ವರನ್ನೇ (ಹೆಸರಿಗೆ ಐಪಿ ಹುಡುಕಿಕೊಡುವ ಸರ್ವರ್) ಕೇಳುತ್ತಿರುತ್ತದೆ. ವಿಎಂ ಆಫ್ ಇರುವಾಗ, ಲ್ಯಾಪ್‌ಟಾಪಿನಲ್ಲಿ ವರ್ಚುವಲ್‌ಬಾಕ್ಸ್ ಜೊತೆಗೇ ಬರುವ ವಿಬಾಕ್ಸ್‌ಮ್ಯಾನೇಜ್ ಕಮಾಂಡಿನಿಂದ ಅಡಾಪ್ಟರ್ 1ಕ್ಕೆ ನ್ಯಾಟ್ ಡಿಎನ್‌ಎಸ್ ಪ್ರಾಕ್ಸಿ ಆನ್ ಮಾಡಿ. ಆಮೇಲೆ ವಿಎಂ ಯಾವಾಗಲೂ ವರ್ಚುವಲ್‌ಬಾಕ್ಸ್‌ನದೇ ಆದ 10.0.2.3ನ್ನೇ ಕೇಳುತ್ತದೆ. ಆ ದಿನ ಮನೆಗೆ ನೆಟ್ ಎಲ್ಲಿಂದ ಬರುತ್ತಿದೆ ಅಂತ ನೋಡಿಕೊಳ್ಳುವುದು ವರ್ಚುವಲ್‌ಬಾಕ್ಸ್‌ನ ಕೆಲಸ. ಇಷ್ಟೆಲ್ಲ ಮಾಡಿಯೂ ಆಗದಿದ್ದರೆ ‘ಐಪಿ ರೂಟ್’ ಕೊಟ್ಟ ಸಾಲುಗಳನ್ನು ಹಾಗೇ ಕಾಪಿ ಮಾಡಿ ಕಳಿಸಿ, ನೋಡೋಣ.